ಗ್ಲಾಸಿನ ಮೇಲಿನ ಅತ್ತೆ

ಕುಮುದಾ ಬೈಕು ತೆಗೆದುಕೊಳ್ಳುತ್ತೇನೆ ಎಂದ ದಿನ ಅವಳ ಅತ್ತೆ ಗುತ್ಯಮ್ಮ ಊಟ ಬಿಟ್ಟಳು. ಊಟ ಎಂದರೆ ಅನ್ನ ಮತ್ತು ಸಾರು. ಅವಲಕ್ಕಿ, ಬಾಳೆಹಣ್ಣು, ಸಂಜೆಯ ಕಾಫಿ ಇವೆಲ್ಲ ಯಥಾಪ್ರಕಾರ ನಡೆದವು.

"ಗಂಡಸ್ರು ಓಡ್ಸೋ ಬೈಕು ಅದು. ನೀನು ಅದ್ರ ಮೇಲೆ ಕೂತು ಪೇಟೆಲಿ ಹೋದ್ರೆ ನೋಡ್ದೋರು ಎಂತ ಹೇಳ್ತಾರೆ?" ಎಂದು ಅವಳು ಬಾಳೆಹಣ್ಣು ಸುಲಿಯುತ್ತ ಕೇಳಿದಳು.

"ಕುಮುದಾ ಬಂದ್ಲು, ದನ ಕಟ್ಟಿ ಅಂತಾರೆ," ಅಂದಳು ಕುಮುದಾ.

ಅದು ನಿಜವೇ ಆಗಿತ್ತು. ಕುಮುದಾ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವಳು. ಹೊಸನಗರದ ಸುತ್ತಮುತ್ತ, ಆಚೆ ಹುಲಿಕಲ್ಲಿನವರೆಗೆ, ಯಾರ ಕೊಟ್ಟಿಗೆಯಲ್ಲಿ ಹಸು ಬೆದೆಗೆ ಬಂದು ಕೂಗತೊಡಗಿದರೂ ಮೊದಲು ಫೋನ್ ಬರುವುದು ಅವಳಿಗೆ. ಊರ ಹೋರಿಗಳೆಲ್ಲ ಕೆಲಸ ಕಳೆದುಕೊಂಡು ಸುಮ್ಮನೆ ಮೇಯುತ್ತಿದ್ದವು. ಅವುಗಳ ಉದ್ಯೋಗವನ್ನೆಲ್ಲ ಹೋರಿಯ ವೀರ್ಯ ತಣ್ಣಗಿಡುವ ಕುಮುದಾಳ ನೈಟ್ರೋಜನ್ ಕ್ಯಾನು ನುಂಗಿ ಕೂತಿತ್ತು. ಆ ಭಾರದ ಕ್ಯಾನು ಕಟ್ಟಿಕೊಂಡು ಸ್ಕೂಟಿಯಲ್ಲಿ ಹೋಗಿ ಕಂಡವರ ಗದ್ದೆಗೆ ಬಿದ್ದದ್ದು ಸಾಕಾಗಿ ಅವಳು ಬೈಕು ಕೊಂಡಳು. ಹುಳಹುಪ್ಪಟೆ ಬಾಯಿಗೆ ಹೋಗುವುದು ಬೇಡವೆಂದು ಮುಂದೆ ಎತ್ತರದ ಗ್ಲಾಸು ಹಾಕಿಸಿದಳು.

ಬೈಕು ಅಂಗಳಕ್ಕೆ ಬಂದ ಮೇಲೆ ಗುತ್ಯಮ್ಮ ಕೆಲವು ವಾರ ಆ ಕಡೆ ಮುಖ ಹಾಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕುಮುದಾ ಹೆಲ್ಮೆಟ್ ಹಿಡಿದು ಹೊರಗೆ ಬಂದರೆ, ಗ್ಲಾಸಿನ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಹಳದಿ ಅಕ್ಷರ, ಅಕ್ಷರಕ್ಕೆ ಕೆಂಪು ನೆರಳು, ಅಕ್ಕಪಕ್ಕ ಒಂದೊಂದು ಮಲ್ಲಿಗೆ ಹೂವು: 'ಅತ್ತೆಯ ಆಶೀರ್ವಾದ'.

ಯಾರ ಕೆಲಸ ಎಂದು ಕೇಳುವ ಅಗತ್ಯವಿರಲಿಲ್ಲ. ಅವಳ ಗಂಡ ದುರ್ಗೇಶ್ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಸ್ಟಿಕರ್ ಅಂಗಡಿ ಇಟ್ಟಿದ್ದ. ತಾಲೂಕಿನ ಅರ್ಧ ಗಾಡಿಗಳ ಮೇಲಿನ ತಂದೆ, ತಾಯಿ, ಮನೆದೇವರು ಮತ್ತು ಹುಲಿಮುಖಗಳನ್ನು ಅಂಟಿಸಿದ ಕೈ ಅವನದು.

"ಅಮ್ಮ ಹೇಳಿದ್ಲು," ಅಂದ ಅವನು, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ.

"ಅಮ್ಮ ಈ ಬೈಕೇ ಬ್ಯಾಡ ಅಂದಿದ್ರು."

"ಈಗ ಆಶೀರ್ವಾದ ಮಾಡಿದಾಳಲ್ಲ, ಖುಷಿಪಡು ಮಾರಾಯ್ತಿ. ತಾಯಿ ಆಶೀರ್ವಾದ ಎಲ್ಲಾರ ಗಾಡಿ ಮೇಲೂ ಇರ್ತದೆ. ಅತ್ತೆದು ನಮ್ಮ ಕಡೆ ಇದೇ ಫಸ್ಟು. ಒಳ್ಳೆ ಮಾಲು ಹಾಕಿದೀನಿ. ಗಾಡಿ ಗುಜರಿಗೆ ಹೋದ್ರೂ ಅದು ಹೋಗಲ್ಲ."

ಬೈಕಿನ ಮೇಲೆ ಕೂತರೆ ಅಕ್ಷರಗಳು ಹಿಂದುಮುಂದಾಗಿ ಕಾಣುತ್ತಿದ್ದವು. ರಸ್ತೆಯ ಹೊಂಡಗಳೆಲ್ಲ 'ಶೀ' ಅಕ್ಷರದ ಹಿಂದೆ ಅಡಗಿ ಕೂತು, ಚಕ್ರ ಇಳಿದ ಮೇಲಷ್ಟೇ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದವು. ಕುಮುದಾ ಅದನ್ನೂ ಸಹಿಸಿಕೊಂಡಳು. ಕೆಟ್ಟದ್ದು ಜಟ್ಟಪ್ಪನ ಹಸುವಿನಿಂದ.

ಹುಲಿಕಲ್ ದಾರಿಯ ಜಟ್ಟಪ್ಪನ ಹಸು ಎಷ್ಟು ಸಲ ಸೂಜಿ ಹಾಕಿದರೂ ಗಬ್ಬ ನಿಂತಿರಲಿಲ್ಲ. ಸ್ಟಿಕರ್ ಅಂಟಿದ ಮೇಲೆ ಕುಮುದಾ ಅಲ್ಲಿಗೆ ಹೋದಾಗ ಅವನು ಗ್ಲಾಸಿನ ಮೇಲಿದ್ದುದನ್ನು ಗಟ್ಟಿಯಾಗಿ ಓದಿ, ತಲೆಗೆ ಸುತ್ತಿದ ಟವೆಲು ತೆಗೆದು, ಬೈಕಿಗೊಂದು ಕೈ ಮುಗಿದ. ಆ ಸಲ ಹಸು ನಿಂತಿತು. ಗಬ್ಬ ಪರೀಕ್ಷೆ ಮಾಡಿ, ಭುಜದವರೆಗಿನ ಗ್ಲೌಸು ಕಳಚುತ್ತ ಕುಮುದಾ ಸುದ್ದಿ ಹೇಳಿದಾಗ ಜಟ್ಟಪ್ಪನ ಕಣ್ಣು ತುಂಬಿ ಬಂತು.

"ಎಲ್ಲಾ ನಿಮ್ಮತ್ತೆ ಆಶೀರ್ವಾದ."

"ಕೈ ಹಾಕಿದ್ದು ನಾನು, ಜಟ್ಟಪ್ಪಣ್ಣ."

"ಅದು ಹೌದನ್ನಿ. ಆದ್ರೆ ಹಿಂದಿನ ಸಲಾನೂ ನೀವೇ ಹಾಕಿದ್ರಲ್ಲ?"

ಬೆದೆಯ ಹೊತ್ತು ನೋಡಿ ಬಂದದ್ದು, ಬೇರೆ ಹೋರಿಯ ವೀರ್ಯದ ಸ್ಟ್ರಾ ಬಳಸಿದ್ದು, ತಿಂಗಳುಗಟ್ಟಲೆ ಹಸುವಿಗೆ ಲವಣಪುಡಿ ತಿನ್ನಿಸಿದ್ದು, ಇದನ್ನೆಲ್ಲ ಅವಳು ವಿವರಿಸಬೇಕೆನ್ನುವಷ್ಟರಲ್ಲಿ ಜಟ್ಟಪ್ಪ ಬಾಳೆಗೊನೆ ಕಡಿಯಲು ಹೋಗಿಯಾಗಿತ್ತು. ಗೊನೆಯನ್ನು ಬೈಕಿಗೆ ಕಟ್ಟಿ, "ಇದು ಅತ್ತೆಯೋರಿಗೆ," ಎಂದು ಒತ್ತಿ ಹೇಳಿದ.

ಅಲ್ಲಿಂದ ಗುತ್ಯಮ್ಮನ ದರ್ಬಾರು ಶುರುವಾಯಿತು. ಫೋನ್ ಮಾಡಿದವರೆಲ್ಲ, "ಅತ್ತೆ ಬೈಕಲ್ಲೇ ಬರ್ತೀರಲ್ಲ?" ಎಂದು ಖಚಿತಪಡಿಸಿಕೊಳ್ಳತೊಡಗಿದರು. ಮನೆಗೆ ಬಂದವರು ಕುಮುದಾಳನ್ನು ದಾಟಿ ಗುತ್ಯಮ್ಮನ ಮುಂದೆ ಕೂರುತ್ತಿದ್ದರು. ಗುತ್ಯಮ್ಮ ಜೀವಮಾನದಲ್ಲಿ ಸಾಕಿದ್ದು ಕೋಳಿ ಮಾತ್ರ. ಆದರೂ ಹಸುವಿನ ಬಣ್ಣ ಕೇಳಿ, ಕಣ್ಣು ಮುಚ್ಚಿ, "ಕಪ್ಪಾ? ಹಂಗಾರೆ ಸಂಜೆ ಮುಂದೆ ಮಾಡ್ಸು," ಎಂದು ಅಪ್ಪಣೆ ಕೊಡುತ್ತಿದ್ದಳು. ಒಂದು ದಿನ ಕುಮುದಾ ಸ್ನಾನಕ್ಕೆ ಹೋಗಿದ್ದಾಗ ಫೋನ್ ಎತ್ತಿಕೊಂಡು, "ಆಯ್ತು, ಅವಳನ್ನ ಕಳಿಸ್ತೀನಿ," ಅಂದದ್ದು ಬಚ್ಚಲಿಗೆ ಕೇಳಿಸಿತು.

ಕಳಿಸ್ತೀನಂತೆ! ತಾನು ಅತ್ತೆಯ ಕಾಂಪೌಂಡರ್ ಆಗಿಬಿಟ್ಟೆನಲ್ಲ ಎಂದು ಕುಮುದಾಳ ಮೈ ಉರಿಯಿತು. ಒದ್ದೆ ತಲೆಯಲ್ಲೇ ಅಂಗಳಕ್ಕೆ ಬಂದು, ಬಿಸಿಲಿಗೆ ಕಾದಿದ್ದ ಗ್ಲಾಸಿನ ಮುಂದೆ ಕೂತು ಉಗುರಿನಿಂದ ಸ್ಟಿಕರ್ ಕೀಳತೊಡಗಿದಳು. ಹಳದಿ ಬಂತು, ಕೆಂಪು ಬಂತು, ಮಲ್ಲಿಗೆಯೂ ಬಂತು. ಗಮ್ಮು ಮಾತ್ರ ಬರಲಿಲ್ಲ. ಸೋಪು ನೀರಲ್ಲಿ ತಿಕ್ಕಿದರೆ ಸೋಪೇ ಸವೆಯಿತು. ಆದರೆ ದೂರದಿಂದ ಏನೂ ಕಾಣುತ್ತಿರಲಿಲ್ಲವಾದ್ದರಿಂದ ಗೆದ್ದೆ ಎಂದುಕೊಂಡಳು.

ಮರುದಿನ ತೀರ್ಥಹಳ್ಳಿಯಲ್ಲಿ ಅವಳಂಥವರಿಗೆಲ್ಲ ಒಂದು ತರಬೇತಿ ಇತ್ತು. ದಾರಿಯುದ್ದಕ್ಕೂ ರಸ್ತೆ ಅಗಲ ಮಾಡಲು ಅಗೆದು ಹಾಕಿದ್ದರು. ಲಾರಿಗಳ ಹಿಂದೆ ಕೆಂಧೂಳು ಕುಡಿಯುತ್ತ ತೀರ್ಥಹಳ್ಳಿ ಮುಟ್ಟಿ ಬೈಕು ನಿಲ್ಲಿಸಿದಾಗ, ಮೇಗರವಳ್ಳಿ ಕಡೆ ಇದೇ ಕೆಲಸ ಮಾಡುವ ರಕ್ಷಾ ಓಡಿ ಬಂದಳು.

"ಅಕ್ಕಾ, ಮಣ್ಣಲ್ಲಿ ಬರೆಸಿದ್ದಾ ಇದು? ಎಂಥ ಚಂದ ಇದೆ!"

ಕುಮುದಾ ಇಳಿದು ಮುಂದೆ ಬಂದು ನೋಡಿದಳು. ಧೂಳು ಎಲ್ಲಾ ಕಡೆಯಿಂದ ಜಾರಿ ಗಮ್ಮು ಇದ್ದಲ್ಲಿ ಮಾತ್ರ ಹಿಡಿದಿತ್ತು. ಹಳದಿ ಇದ್ದಾಗಿನದಕ್ಕಿಂತ ಸ್ಪಷ್ಟವಾಗಿ, ಶಿಲಾಶಾಸನದ ಗಾಂಭೀರ್ಯದಲ್ಲಿ, 'ಅತ್ತೆಯ ಆಶೀರ್ವಾದ' ಕೆಂಪಗೆ ಮೂಡಿ ನಿಂತಿತ್ತು. ಮಲ್ಲಿಗೆ ದಾಸವಾಳವಾಗಿತ್ತು. ತರಬೇತಿಗೆ ಬಂದವರೆಲ್ಲ ಸರದಿಯಲ್ಲಿ ಅದರ ಪಕ್ಕ ನಿಂತು ಫೋಟೊ ಹೊಡೆಸಿಕೊಂಡರು. ಪಾಠ ಮಾಡಿದ ಡಾಕ್ಟರು ಕೂಡ, ಹಸು ನಿಲ್ಲದಿರಲು ಕಾರಣಗಳನ್ನೆಲ್ಲ ಹೇಳಿ ಮುಗಿಸಿ, "ಇದ್ಯಾವುದೂ ಅಲ್ಲದಿದ್ರೆ ಹೊರಗೆ ನಿಂತಿರೋ ಬೈಕನ್ನ ಕೇಳಿ," ಅಂದುಬಿಟ್ಟರು. ಕುಮುದಾ ಎಲ್ಲರ ಜೊತೆ ನಕ್ಕಳು, ಹಲ್ಲು ಕಚ್ಚಿಕೊಂಡು.

ಮನೆಗೆ ಬಂದವಳೇ ಗಂಡನನ್ನು ಅಂಗಳಕ್ಕೆ ಎಳೆದು ತಂದಳು.

"ತೆಗೀರಿ ಇದನ್ನ."

"ಅಂಟಿಸೋದು ನನ್ನ ಕೆಲ್ಸ. ತೆಗೆಸ್ಬೇಕು ಅಂತ ಇವತ್ತಿನವರೆಗೆ ಯಾರೂ ಬಂದಿಲ್ಲ ಮಾರಾಯ್ತಿ," ಎಂದರೂ ದುರ್ಗೇಶ್ ಅಂಗಡಿಯಿಂದ ಥಿನ್ನರ್ ಬಾಟಲಿ ತಂದ. ಬಟ್ಟೆ ಅದ್ದಿ, ಮೂಲೆಯ ಮಲ್ಲಿಗೆಯ ಮೇಲೆ ಹುಮ್ಮಸ್ಸಿನಿಂದ ಉಜ್ಜಿದ. ಗಮ್ಮು ಹೋಯಿತು. ಅದರ ಜೊತೆಗೆ ಗ್ಲಾಸಿನ ಹೊಳಪೂ ಹೋಗಿ, ಆ ಜಾಗ ಒಡೆದ ಹಾಲಿನಂತೆ ಬೆಳ್ಳಗಾಗಿ, ಒಳಗೆ ಕೂದಲೆಳೆಯಂಥ ಬಿರುಕುಗಳೆದ್ದವು.

"ನಿಲ್ಸಿ! ಬೆಂದೋಯ್ತು!" ಕುಮುದಾ ಬಟ್ಟೆ ಕಸಿದುಕೊಂಡಳು.

"ಹೆಸ್ರಿಗೆ ಗ್ಲಾಸು. ಪ್ಲಾಸ್ಟಿಕ್ಕು ಇದು," ಎಂದು ದುರ್ಗೇಶ್ ದೊಡ್ಡ ಶೋಧನೆ ಮಾಡಿದವನಂತೆ ಹೇಳಿ, "ಬ್ಲೇಡಲ್ಲಿ ಕೆರೆಯನಾ?" ಅಂದ.

"ಬ್ಲೇಡ್ ಮುಟ್ಟಿದ್ರೆ ನಿಮ್ಮ ಕೈ ಕೆರೀತೀನಿ."

ಜಗಲಿಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತ ಕೂತಿದ್ದ ಗುತ್ಯಮ್ಮ ಇದನ್ನೆಲ್ಲ ನಾಟಕ ನೋಡಿದಂತೆ ನೋಡಿದಳು. "ಆಶೀರ್ವಾದ ಅಂದ್ರೆ ಹಂಗೇಯ. ಕೊಡೋದು ಸುಲಭ, ಕೀಳೋದು ಕಷ್ಟ," ಎಂದು ಅಂಗಳಕ್ಕೆ ಉಗಿದು ಒಳಗೆ ಹೋದಳು.

ಆ ವಾರವೇ ಕನ್ನಪ್ಪ ಬಂದ. ಅವನ ಜರ್ಸಿ ಹಸುವಿಗೆ ಕುಮುದಾ ಹಿಂದಿನ ತಿಂಗಳು ಸೂಜಿ ಹಾಕಿದ್ದಳು. ಅಂಗಳದಲ್ಲಿ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ ಅವಳನ್ನು ತಿರುಗಿಯೂ ನೋಡದೆ ಅವನು ನೇರ ಜಗಲಿಗೆ ಹೋದ.

"ಗುತ್ಯಮ್ಮಾ, ನಿಮ್ದು ನಿಲ್ಲಲಿಲ್ಲ."

"ನಂದೆಂತದಾ ನಿಲ್ಲೋದು?"

"ನಮ್ಮ ಜರ್ಸಿ ಮತ್ತೆ ಬೆದೆಗೆ ಬಂದಿದೆ. ಜಟ್ಟಪ್ಪಂದು ನಿಂತ್ತು, ನಂದೆಂತಕ್ಕೆ ನಿಲ್ಲಲಿಲ್ಲ? ಅವ್ನು ಬಾಳೆಗೊನೆ ಕೊಟ್ಟಿದ್ದ ಅಂತನಾ?"

"ನನ್ನ ಕೇಳ್ತಿಯಲ್ಲ! ಸೂಜಿ ಹಾಕೋದು ಅವಳು. ಅವಳನ್ನ ಕೇಳು."

"ಸೂಜಿ ಅವರದ್ದು. ಬೋರ್ಡು ನಿಮ್ದು." ಕನ್ನಪ್ಪ ಗ್ಲಾಸಿನ ಮೇಲಿನ ಕೆಂಪು ಅಕ್ಷರಗಳ ಕಡೆ ಕೈ ತೋರಿಸಿದ.

"ನನ್ನ ಹೆಸ್ರು ಎಲ್ಲಿದೆ ಅದ್ರಲ್ಲಿ? ಅತ್ತೆ ಅಂತಿದೆ. ಯಾರತ್ತೆಯೋ ಏನೋ!"

"ಇವರಿಗೆ ಎಷ್ಟು ಜನ ಅತ್ತೆ?"

ಕುಮುದಾ ತಲೆ ಬಗ್ಗಿಸಿ, ಆಗಲೇ ನೆನೆದು ತೊಟ್ಟಿಕ್ಕುತ್ತಿದ್ದ ಚೈನಿಗೆ ಇನ್ನಷ್ಟು ಎಣ್ಣೆ ಬಿಟ್ಟಳು. ಒಂದು ಸಲಕ್ಕೆ ನಿಲ್ಲದೆ ಹೋಗುವುದು ದಿನಬೆಳಗಾದರೆ ಇರುವುದೇ, ಗಾಬರಿ ಬೇಡ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಇಂಥ ಸುಖ ಅವಳಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

"ಆಗಿದ್ದಾಯ್ತು," ಅಂದ ಕನ್ನಪ್ಪ, ಸ್ವರ ತಗ್ಗಿಸಿ. "ಈ ಸಲ ಸ್ವಲ್ಪ ಗಟ್ಟಿಯಾಗಿ ಮಾಡಿ. ಹೆಣ್ಣುಗರುಗೆ ಬೇರೆ ಆಶೀರ್ವಾದ ಇದ್ರೆ ಅದನ್ನೇ ಕೊಡಿ."

ಗುತ್ಯಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕುಮುದಾ ಕೈ ಒರೆಸಿಕೊಂಡು ಕನ್ನಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಿ ಅವನ ಹಸುವಿನ ಕೆಲಸ ಮುಗಿಸಿ ಬಂದಳು.

ಬರುವಾಗ ಗುತ್ಯಮ್ಮ ಅಂಗಳದಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ, ಇನ್ನೊಂದರಲ್ಲಿ ಹಳೆಯ ಸೀರೆಯ ಮೆತ್ತನೆ ತುಂಡು.

"ಹಲಸಿನ ಮೇಣ ಕೈಗೆ ಹತ್ತಿದ್ರೆ ಎಂತ ಹಚ್ತಿ?"

ಕುಮುದಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ವರ್ಷಾ ವರ್ಷಾ ಹಲಸಿನ ಹಣ್ಣು ಬಿಡಿಸುವಾಗ ಅವಳೂ ಮಾಡುವುದೇ ಅದು. "ಗೊತ್ತಿದ್ರೆ ಅವತ್ತೇ ಹೇಳೋದಲ್ವಾ ಅತ್ತೆ?"

"ನನ್ನನ್ನ ಒರ್ಸಿ ಹಾಕೋಕೆ ನಾನೇ ಎಣ್ಣೆ ಕೊಡ್ಬೇಕಿತ್ತಾ? ಈಗ ಬೇರೆ ಮಾತು. ಕಂಡೋರ ದನಕ್ಕೆಲ್ಲ ಜವಾಬ್ದಾರಿ ಹೊರೋಕೆ ನನ್ನ ಕೈಲಿ ಆಗಲ್ಲ. ಬಾ, ಹಿಡಿ."

ಕುಮುದಾ ಮೊದಲು ಬೇಕಾದಷ್ಟು ನೀರು ಹೊಯ್ದು ಮಣ್ಣೆಲ್ಲ ಇಳಿಸಿದಳು. ಮಣ್ಣು ಇದ್ದಂತೆ ಉಜ್ಜಿದರೆ ಗೀರು ಬೀಳುತ್ತಿತ್ತು. ಆಮೇಲೆ ಎಣ್ಣೆ ಹಚ್ಚಿ, ನೆನೆಯಲಿ ಎಂದು ಬಿಟ್ಟು ಇಬ್ಬರೂ ಕಾಫಿ ಕುಡಿದರು. ಬಂದು ಬಟ್ಟೆಯಲ್ಲಿ ಮೆಲ್ಲಗೆ ತಿಕ್ಕಿದರೆ ಗಮ್ಮು ಶ್ಯಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು. ನಡುವಿನಿಂದ ಶುರುಮಾಡಿ ಗುತ್ಯಮ್ಮ ಒಂದು ಕಡೆಗೆ, ಕುಮುದಾ ಇನ್ನೊಂದು ಕಡೆಗೆ.

"ಅಲ್ಲ ಅತ್ತೆ, ಬೈಕು ಬ್ಯಾಡ ಅಂತ ಊಟ ಬಿಟ್ಟೋರು ನೀವು. ಆಮೇಲೆ ಇದನ್ನ ಎಂತಕ್ಕೆ ಅಂಟಿಸಿದ್ರಿ?"

ಗುತ್ಯಮ್ಮ ಬಟ್ಟೆಗೆ ಇನ್ನಷ್ಟು ಎಣ್ಣೆ ಸುರಿದಳು. "ಜಟ್ಟಪ್ಪನ ದನ ಅಂತ ಹೋಗ್ತಿ. ಕನ್ನಪ್ಪನ ದನ ಅಂತ ಹೋಗ್ತಿ. ಒಂದಿನ ಆದ್ರೂ 'ಅತ್ತೆ, ಹಿಂದೆ ಕೂತ್ಕಳಿ, ಹೋಗ್ಬರನ' ಅಂದಿದೀಯಾ?"

"ನೀವು ಬ್ಯಾಡ ಅಂದಿದ್ರಲ್ಲ!"

"ಬ್ಯಾಡ ಅಂದಿದ್ದು ನೀನು ಓಡ್ಸೋದನ್ನ. ನಾನು ಕೂರೋದನ್ನಲ್ಲ."

ಕುಮುದಾ ಗ್ಲಾಸಿನ ಕಡೆ ನೋಡಿದಳು. ಸಂಜೆಯ ಬಿಸಿಲು ಓರೆಯಾಗಿ ಬಿದ್ದು ಉಳಿದ ಗಮ್ಮು ಹೊಳೆಯುತ್ತಿತ್ತು. ನಡುವಿನ 'ಆಶೀ', ಜೊತೆಗೆ ಅರ್ಕಾವತ್ತೂ ಹೋಗಿ, ಎರಡು ತುದಿಗಳು ಮಾತ್ರ ಬಾಕಿಯಿದ್ದವು: 'ಅತ್ತೆಯ ವಾದ'. ಅವಳಿಗೆ ನಗು ತಡೆಯಲಾಗಲಿಲ್ಲ. ಗುತ್ಯಮ್ಮ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಎಂತ ಹಲ್ಲು ಕಿರೀತಿ? ಮೊದ್ಲು ವಾದ ತೆಗಿ," ಎಂದು ಬಟ್ಟೆ ಎಸೆದಳು. ಆದರೆ ಅವಳ ಹೊಟ್ಟೆಯೂ ಕುಲುಕುತ್ತಿತ್ತು.

ಎಣ್ಣೆಯ ಜಿಡ್ಡನ್ನು ಸೋಪು ನೀರಲ್ಲಿ ತೊಳೆದ ಮೇಲೆ ಗ್ಲಾಸು ನಿರ್ಮಲವಾಯಿತು. ಮೂಲೆಯಲ್ಲಿ ದುರ್ಗೇಶನ ಥಿನ್ನರಿನ ಬಿಳಿ ಕಲೆಯೊಂದು ಉಳಿಯಿತು. ಅದಕ್ಕೆ ಯಾವ ಎಣ್ಣೆಯೂ ನಾಟಲಿಲ್ಲ.

ಭಾನುವಾರ ಕುಮುದಾ ಅತ್ತೆಯನ್ನು ಕೂರಿಸಿಕೊಂಡು ಸಾಗರಕ್ಕೆ ಹೊರಟಳು. ಅಲ್ಲಿ ಗುತ್ಯಮ್ಮನ ತಂಗಿಯ ಮನೆ. ಬೈಕಿನಿಂದ ಇಳಿಯುವುದನ್ನು ತಂಗಿ ಕಣ್ಣಾರೆ ನೋಡಬೇಕೆಂದು ಮೊದಲೇ ಫೋನ್ ಮಾಡಿ ಬಾಗಿಲಲ್ಲಿ ನಿಲ್ಲಲು ಹೇಳಿಯಾಗಿತ್ತು. ತುರುಬು ಅಡ್ಡವಾಗಿ ಹೆಲ್ಮೆಟ್ ಮೇಲಕ್ಕೆದ್ದು ಕೂತಿತ್ತು. ಗುತ್ಯಮ್ಮ ಸೊಸೆಯ ಸೊಂಟ ಅವಚಿ ಹಿಡಿದು, ಎದುರು ಬರುವ ಪ್ರತಿ ಬಸ್ಸನ್ನೂ ಬೈಯುತ್ತ ಬಂದಳು.

ಬಟ್ಟೆಮಲ್ಲಪ್ಪ ದಾಟುವಾಗ ಫೋನ್ ಬಂತು. ಅಲ್ಲೇ ಒಳದಾರಿಯಲ್ಲಿ ಮಂಜುಶ್ರೀ ಎಂಬುವಳ ಹಸು ಬೆಳಿಗ್ಗೆಯಿಂದ ಕೂಗುತ್ತಿದೆಯಂತೆ. ಕ್ಯಾನು ಪಕ್ಕದ ಕ್ಯಾರಿಯರಿನಲ್ಲೇ ಇತ್ತು. ಕುಮುದಾ ಬೈಕು ತಿರುಗಿಸಿದಳು.

ಗುತ್ಯಮ್ಮ ಸೊಸೆಯ ಕೆಲಸವನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕುಮುದಾಳ ಎಡಗೈ ಮೊಣಕೈ ದಾಟಿ, ತೋಳು ದಾಟಿ, ಹಸುವಿನೊಳಗೆ ಕಾಣೆಯಾಗುವುದನ್ನು ನೋಡಿದಳು. ಬಾಯಲ್ಲಿದ್ದ ಕವಳ ಹಾಗೇ ನಿಂತಿತು. ಹಸು ಬಾಲ ಬೀಸಿ ಕುಮುದಾಳ ಮುಖಕ್ಕೊಂದು ಬಾರಿಸಿತು.

"ನೋಡ್ತಾ ನಿಲ್ಬೇಡಿ ಅತ್ತೆ, ಬಾಲ ಹಿಡ್ಕಳಿ!"

ಗುತ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಗಣಿ ದಾಟಿ ಬಂದು, ಎರಡೂ ಕೈಯಲ್ಲಿ ಬಾಲ ಹಿಡಿದಳು. ಕುಮುದಾ ಬಲಗೈಯಿಂದ ಸ್ಟ್ರಾ ತುಂಬಿದ ಕಡ್ಡಿಯಂಥ ಗನ್ನು ಹಾಕಿ, ಒಳಗಿನ ಬೆರಳಲ್ಲೇ ದಾರಿ ತೋರಿಸಿ, ಕೆಲಸ ಮುಗಿಸಿ ಕೈ ತೆಗೆದಳು.

ಅಷ್ಟರಲ್ಲಿ ಮಂಜುಶ್ರೀಗೆ ಇವರು ಯಾರೆಂದು ಹೊಳೆದಿತ್ತು. "ಅಯ್ಯೋ, ಇವ್ರೇ ಆ ಅತ್ತೆಯೋರಾ? ಅವ್ರೇ ಬಂದಾರೆ ಅಂದ್ಮೇಲೆ ನಿಲ್ಲೋದು ಗ್ಯಾರಂಟಿ ಬಿಡಿ!" ಎಂದು ಕಾಲಿಗೆ ಬಗ್ಗಲು ಬಂದಳು.

ಗುತ್ಯಮ್ಮ ಬಾಲ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ನೋಡಮ್ಮ, ನಂದು ಬಾಲ ಮಾತ್ರ. ಉಳಿದಿದ್ದೆಲ್ಲ ಇವಳ ಕೈ. ನಿಂತ್ರೂ ಇವಳನ್ನೇ ಕೇಳು, ನಿಲ್ದಿದ್ರೂ ಇವಳನ್ನೇ ಕೇಳು," ಎಂದು, ಕೈ ತೊಳೆಯಲು ಬಿಸಿನೀರು ತಾ ಎಂದಳು.