ಚಡ್ಡಿಯ ಹಿಡಿಕೆ

ಈಗಿನ ಹುಡುಗರು ಚರ್ಮದ ಟೋಪಿ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದೋಡುವ ಅಮೆರಿಕನ್ ಫುಟ್‌ಬಾಲ್ ಆಡುವುದನ್ನು ಕಂಡರೆ ಲೈಮನ್ ಸ್ಪ್ರೇಗ್‌ಗೆ ನಗು ಬರುತ್ತದೆ. ಸಾವಿರದ ಎಂಟುನೂರ ತೊಂಬತ್ತೆರಡರಲ್ಲಿ, ಅಯೋವಾದ ಆ ಬಡ ಕಾಲೇಜಿನಲ್ಲಿ ಅವನು ಆಡುತ್ತಿದ್ದಾಗ, ತಲೆಗೆ ರಕ್ಷಣೆ ಎಂದರೆ ಕೂದಲು. ಜೂನ್‌ನಿಂದಲೇ ತಂಡದ ಹನ್ನೊಂದು ಜನವೂ ಕತ್ತರಿ ಮುಟ್ಟಿಸದೆ ಬೆಳೆಸುತ್ತಿದ್ದರು. ಊರ ಕ್ಷೌರಿಕ ಎದುರು ಸಿಕ್ಕಾಗಲೆಲ್ಲ ಶಾಪ ಹಾಕುತ್ತಿದ್ದ. ಮೈದಾನವೋ, ಹಸು ಮೇಯುವ ಬಯಲು. ಆಟಕ್ಕೆ ಮುಂಚೆ ಸಗಣಿ ಎತ್ತುವ ಪಾಳಿ ಬೇರೆ. ಆದರೂ ಅಂಥ ದಿನಗಳು ಮತ್ತೆ ಬರಲಿಲ್ಲ.

ಆಟ ಸೊಗಸಾಗಿತ್ತು ಎಂದೇನಲ್ಲ. ಆ ವರ್ಷ ಅಲ್ಲಿಯವರೆಗೆ ಆಡಿದ್ದು ನಾಲ್ಕು, ಸೋತದ್ದು ನಾಲ್ಕು, ಗಳಿಸಿದ್ದು ಸೊನ್ನೆ. ಮೂಗು ಮುರಿದುಕೊಂಡವರು ಮೂವರು. ಕೊನೆಗೆ ಕಾಲೇಜಿನ ಅಧ್ಯಕ್ಷರು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪಂದ್ಯವೇ ಕಡೆಯದು, ಆಮೇಲೆ ಇಲ್ಲಿ ಫುಟ್‌ಬಾಲ್ ಇಲ್ಲ ಎಂದುಬಿಟ್ಟರು. ಸೋಲನ್ನು ಹೇಗೋ ನುಂಗಬಹುದಿತ್ತು. ಚೆಂಡು ಹಿಡಿದು ಒಂದೇ ಒಂದು ಸಲವೂ ಎದುರಾಳಿಯ ಗೆರೆ ದಾಟದ ತಂಡ ಎಂಬ ಹೆಸರು ಮಾತ್ರ ಲೈಮನ್‌ನ ಗಂಟಲಲ್ಲಿ ಇಳಿಯಲಿಲ್ಲ.

ಕ್ಯಾಪ್ಟನ್ ಹಾಲ್ವರ್ ನೆಸ್ ಒಂದು ಉಪಾಯ ತಂದ. ಚೆಂಡು ಹಿಡಿದವನನ್ನು ಜೊತೆಯವರು ಎಳೆಯಬಹುದಾಗಿದ್ದ ಕಾಲ ಅದು, ಎತ್ತಿ ಎಸೆಯಲೂಬಹುದಿತ್ತು.

"ನಮ್ಮಲ್ಲಿ ನೀನೇ ಕಣೋ ಹಗುರ. ಚಡ್ಡಿಗೆ ಎರಡೂ ಕಡೆ ಹಿಡಿಕೆ ಹೊಲಿಸ್ಕೊಂಡು ಬಾ. ಪೆಟ್ಟಿಗೆ ಎತ್ತಿದ ಹಾಗೆ ಎತ್ತಿ ಆಚೆ ಒಗೀತೀವಿ. ಹೆಂಗೂ ನಿಮ್ಮಪ್ಪ ಕುದುರೆ ಜೀನು ಹೊಲಿಯೋರಲ್ವಾ?"

ಅಪ್ಪ ಎಬೆನೀಜರ್ ಮಗನ ಆಟವನ್ನು ಒಮ್ಮೆಯೂ ನೋಡಿದವನಲ್ಲ. ಚಡ್ಡಿ ಕಂಡದ್ದೇ ಸಿಡಿದ.

"ತಲೆ ಗಟ್ಟಿ ಇದೆ ಅಂತ ಬಂಡೆಗೆ ಚಚ್ಕೋತಾರೇನೋ? ಓದೋಕೆ ಕಳಿಸಿದ್ರೆ ಹೋರಿ ಥರ ಗುದ್ದಾಡ್ತಾನಂತೆ!"

ಬೆಳಿಗ್ಗೆ ನೋಡಿದರೆ ಚಡ್ಡಿ ಗೂಟದಲ್ಲಿ ನೇತಾಡುತ್ತಿತ್ತು. ಎರಡು ಕರಿ ಚರ್ಮದ ಹಿಡಿಕೆ, ಮೇಣ ಹಚ್ಚಿದ ದಾರದಲ್ಲಿ ಜೋಡಿ ಹೊಲಿಗೆ.

"ಕುದುರೆ ಎಳೆದ್ರೂ ಬಿಡಲ್ಲ," ಎಂದ ಅಪ್ಪ, ತಲೆಯೆತ್ತದೆ. "ಆದ್ರೆ ನಾನು ನೋಡೋಕೆ ಬರಲ್ಲ."

ಜೀನಿನ ಚರ್ಮಕ್ಕೆ ಹೊಲಿದು ಪಳಗಿದ ಕೈ ಅದು. ಮೂರು ವರ್ಷ ಒಗೆದು ಜಾಳಾದ ಬಟ್ಟೆಗೆ ಆ ಹೊಲಿಗೆ ಭಾರವಾದೀತೆಂದು ಅಪ್ಪನಿಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ.

ಪಂದ್ಯದ ಕೊನೆಯ ನಿಮಿಷ. ಅವರದು ಮೂವತ್ತೆಂಟು, ಇವರದು ಸೊನ್ನೆ. ಗೆರೆಗೆ ಇನ್ನು ಎರಡೇ ಮಾರು. ಲೈಮನ್ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡ. ಹಾಲ್ವರ್ ಒಂದು ಹಿಡಿಕೆ, ಇನ್ನೊಬ್ಬ ಇನ್ನೊಂದು ಹಿಡಿದು ಜೀಕಿದರು. ಎದುರಾಳಿಗಳು ನೆಗೆದು ಚಡ್ಡಿಯ ಕಾಲುಗಳಿಗೆ ಜೋತುಬಿದ್ದರು. ಪರ್ರೆಂದು ಸದ್ದಾಯಿತು. ಸೊಂಟದ ಪಟ್ಟಿ ಹಿಡಿಕೆ ಸಮೇತ ಹಾಲ್ವರ್‌ನ ಕೈಯಲ್ಲಿ, ಉಳಿದ ಚಡ್ಡಿ ಎದುರಾಳಿಗಳ ಕೈಯಲ್ಲಿ. ಲೈಮನ್ ಮಾತ್ರ ಕೆಂಪು ಉಣ್ಣೆಯ ಒಳಚಡ್ಡಿಯಲ್ಲಿ ಗೆರೆಯಾಚೆ ಬಿದ್ದಿದ್ದ.

ಹೆಂಗಸರು ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡರು. ಅಧ್ಯಕ್ಷರು ಕಣ್ಣಿಗೆ ಟೋಪಿ ಅಡ್ಡ ಹಿಡಿದರು.

"ಚಡ್ಡಿ ನಮ್ಮ ಹತ್ರ ಇದೆ! ಅವನನ್ನ ಹಿಡಿದ ಹಾಗೇ ಲೆಕ್ಕ!" ಎದುರಾಳಿ ಕ್ಯಾಪ್ಟನ್ ಅರಚಿದ.

"ಚೆಂಡು ಯಾರ ಹತ್ರ ಇದೆ ಹೇಳಪ್ಪ," ಎಂದ ರೆಫರಿ, ನಗು ತಡೆಯಲಾಗದೆ, ಗೆರೆ ದಾಟಿದ್ದಕ್ಕೆ ಆಗ ಸಿಗುತ್ತಿದ್ದ ನಾಲ್ಕು ಅಂಕ ಕೊಟ್ಟ.

ಬೆಟ್ಟ ಅಗೆದು ಇಲಿ ಹಿಡಿದರು ನಿಜ. ಆ ಇಲಿಗಾಗಿ ಹನ್ನೊಂದು ಜನ ಕೆಸರಿನಲ್ಲಿ ಉರುಳಾಡಿ ಅತ್ತರು.

ಅಷ್ಟರಲ್ಲಿ ಲೈಮನ್‌ನ ಸೊಂಟಕ್ಕೆ ಯಾರೋ ಕೋಟು ಸುತ್ತಿದರು. ಚರ್ಮ, ಮೇಣದ ವಾಸನೆ. ಅಪ್ಪ! ಹಾಲ್ವರ್‌ನ ಕೈಯಿಂದ ಹಿಡಿಕೆ ಕಸಿದು ದಾರವನ್ನು ಉಗುರಿನಿಂದ ಮೀಟಿ ನೋಡುತ್ತಿದ್ದ.

"ಬಟ್ಟೆ ಹರಿದಿದ್ದು. ನನ್ನ ಹೊಲಿಗೆ ಬಿಟ್ಟಿಲ್ಲ," ಎಂದು ಸುತ್ತ ನಿಂತವರಿಗೆಲ್ಲ ತೋರಿಸಿದ.

"ಬರಲ್ಲ ಅಂದಿದ್ರಿ?"

"ಹೊಲಿಗೆ ನೋಡೋಕೆ ಬಂದೆ ಕಣೋ." ಅಪ್ಪ ಮಗನ ಆ ಕಾಡುಗೂದಲಿಗೆ ಕೈ ಹಾಕಿ ಹಿಡಿದು ಅಲ್ಲಾಡಿಸಿದ. "ಇನ್ನಾದ್ರೂ ಇದನ್ನ ಕತ್ತರಿಸ್ಕೊಳ್ಳೋ."

ಬುದ್ಧಿ ಬಂದಮೇಲೆ ಅಪ್ಪ ತನ್ನ ತಲೆ ಮುಟ್ಟಿದ್ದು ಲೈಮನ್‌ಗೆ ನೆನಪಿರಲಿಲ್ಲ.

ಮರುದಿನ ಹತ್ತು ಜನ ಕ್ಷೌರಿಕನ ಅಂಗಡಿಗೆ ಹೋದರು. ಲೈಮನ್ ಕ್ರಿಸ್‌ಮಸ್‌ವರೆಗೂ ಹೋಗಲಿಲ್ಲ.