ಮೊದಲ ಸಾಲಿನ ಮೇಲೊಂದು ಸಾಲು

ಅರಸೀಕೆರೆಯ ಕೊಬ್ಬರಿ ವರ್ತಕ ಷಡಕ್ಷರಪ್ಪನವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಮಾತು ಕೊಡುವುದೇ ಅಪರೂಪ, ಅಷ್ಟೇ. ಸೊಸೆ ಸ್ವಾತಿಗೆ ಬೇಲೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸ ಸಿಕ್ಕಿದಾಗ ಅವರು ಹೇಳಿದ್ದಿಷ್ಟು: "ಹೋಗಮ್ಮ, ಬೇಡ ಅನ್ನಲ್ಲ. ಆದ್ರೆ ಸಂಘದಲ್ಲಿ ಕೂತು ರೇಟಿನ ಮೆಸೇಜು ಕಳಿಸ್ತೀಯಲ್ಲ, ಅದು ನೀನಿಲ್ದೇ ನಡೀಬೇಕು. ಕಮಿಟಿಯವರ ಮುಂದೆ ನಡೆಸಿ ತೋರ್ಸು."

ತೆಂಗು ಬೆಳೆಗಾರರ ಆ ಸಂಘಕ್ಕೆ ಅವರೇ ಅಧ್ಯಕ್ಷರು. ಮಾರುಕಟ್ಟೆಯ ಟೆಂಡರ್ ದಿನ ಕೊಬ್ಬರಿ ಧಾರಣೆಯನ್ನು ಗಂಡಸಿ ಹೋಬಳಿಯ ತೋಟದವರಿಗೆಲ್ಲ ತಿಳಿಸುವ ಕೆಲಸ ಮದುವೆಯಾದಾಗಿನಿಂದ ಸ್ವಾತಿಯದು. ಸಂಬಳವೇ? ಸೊಸೆಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಅವಳೂ ಹಟ ಹಿಡಿದು ಕೂತು ಪ್ರೋಗ್ರಾಂ ಬರೆದಳು. ಹನ್ನೊಂದು ಗಂಟೆಯಾದರೆ ಸಂಘದ ಕಂಪ್ಯೂಟರು ತಾನೇ ಧಾರಣೆ ನೋಡಿಕೊಂಡು ತಾನೇ ಮೆಸೇಜು ಕಳಿಸಬೇಕು.

ಬರೆಯುವಾಗ ಮಾವ ಬೆನ್ನ ಹಿಂದೆ ನಿಂತಿದ್ದರು. "ಇದೇನಮ್ಮ, ಸಾಲಿನ ಮುಂದೆ ಬೇಲಿ ಹಾಕ್ದಂಗೈತೆ?"

"ಅದು ಹ್ಯಾಷ್, ಮಾವ. ಆ ಗುರುತಿರೋ ಸಾಲನ್ನ ಮೆಷಿನ್ ಓದಲ್ಲ. ನಮ್ಮ ನೆನಪಿಗೆ ಏನು ಬೇಕಾದ್ರೂ ಬರ್ಕೋಬಹುದು."

ಮಾವ ತಲೆದೂಗಿದರು. ಅವರು ತಲೆದೂಗಿದಾಗಲೇ ಅವಳು ಹೆದರಬೇಕಿತ್ತು.

ಪರೀಕ್ಷೆಯ ದಿನ ಕಮಿಟಿಯವರು ಫೋನುಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಹನ್ನೊಂದಾಯಿತು. ಒಂದು ಫೋನೂ ಮಿಸುಕಲಿಲ್ಲ.

"ಬೆಳಗ್ಗೆ ನಾನು ಒತ್ತಿ ನೋಡ್ದಾಗ ನನ್ನ ಫೋನಿಗೆ ಬಂದಿತ್ತು ಮೇಡಂ," ಎಂದ ಸಂಘದ ಗುಮಾಸ್ತ ತಿಮ್ಮೇಶ.

ಸ್ವಾತಿ ಅದೇ ಪ್ರೋಗ್ರಾಮನ್ನು ತನ್ನ ಮ್ಯಾಕ್ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅಲ್ಲಿ ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ನಡೆಸುವ ಗಡಿಯಾರಕ್ಕೆ ಒಪ್ಪಿಸಿ ನೋಡಿದಳು. ಬೆಣ್ಣೆಯಂತೆ ನಡೆಯಿತು! ಸಂಘದ ಲಿನಕ್ಸ್ ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ. ಕೊನೆಗೆ ತಾನು ಬರೆದದ್ದನ್ನೇ ಮೇಲಿನಿಂದ ಓದಲು ಹೊರಟರೆ, ಮೊದಲಲ್ಲೇ ಅವಳು ಬರೆಯದ ಒಂದು ಸಾಲು. ಹ್ಯಾಷ್ ಗುರುತು, ಅದರ ಮುಂದೆ 'ಶ್ರೀ ಗುರುಬಸವಲಿಂಗಾಯ ನಮಃ'.

"ನಾನೇ ಹಾಕ್ಸಿದ್ದು, ತಿಮ್ಮೇಶನ ಕೈಲಿ," ಎಂದರು ಷಡಕ್ಷರಪ್ಪ ಸಮಾಧಾನವಾಗಿ. "ಗುರುಗಳ ಹೆಸರಿಲ್ದೆ ನಮ್ಮಂಗಡೀಲಿ ಒಂದು ಚೀಟೀನೂ ಬರೆಯಲ್ಲ. ಮೆಷಿನ್ ಓದಲ್ಲ ಅಂತ ನೀನೇ ಹೇಳಿದ್ಯಲ್ಲಮ್ಮ?"

ಹೇಳಿದ್ದಳು ನಿಜ. ಹ್ಯಾಷ್ ಇದ್ದೂ ಮೆಷಿನ್ ಓದುವ ಸಾಲೊಂದಿದೆ ಎಂಬುದನ್ನು ಹೇಳಿರಲಿಲ್ಲ. ಇದನ್ನು ಓದಿ ನಡೆಸಬೇಕಾದವನು, ಕಂಪ್ಯೂಟರಿನೊಳಗಿನ ದುಭಾಷಿಗಳಲ್ಲಿ, ಬ್ಯಾಷ್ ಎಂಬುವನು ಎಂದು ತಿಳಿಸುವ ಸಾಲು ಅದು. ಎಲ್ಲಕ್ಕಿಂತ ಮೇಲೆ ಇದ್ದರಷ್ಟೇ ಅದಕ್ಕೆ ಬೆಲೆ. ಗುರುಗಳು ಬಂದು ಮೇಲೆ ಕೂತದ್ದೇ ತಡ, ಅದೂ ಹತ್ತರಲ್ಲಿ ಹನ್ನೊಂದಾಯಿತು. ಓದುವವನ ಹೆಸರು ಇಲ್ಲದಿದ್ದರೆ ಒಂದೊಂದು ವ್ಯವಸ್ಥೆ ಒಂದೊಂದು ಥರ. ತಿಮ್ಮೇಶ ಒತ್ತಿದಾಗ ಎದುರಿಗೇ ಇದ್ದ ಬ್ಯಾಷ್ ಓದಿಕೊಂಡ. ಮ್ಯಾಕ್‌ನಲ್ಲಿ ಬದಲಿ ಆಳಾಗಿ ಬರುವವನೂ ಅವನೇ. ಸಂಘದ ಕಂಪ್ಯೂಟರಿನ ಗಡಿಯಾರ ಕರೆಯುವುದು ಬೇರೊಬ್ಬನನ್ನು. ಆ ಪುಣ್ಯಾತ್ಮನಿಗೆ ಸ್ವಾತಿಯ ಅರ್ಧ ಮಾತು ತಿಳಿಯದು, ನಡುದಾರಿಯಲ್ಲೇ ಕೈಚೆಲ್ಲಿದ.

"ಇದನ್ನ ಒಂದೇ ಒಂದು ಸಾಲು ಕೆಳಗಿಳಿಸಿದ್ರೆ ಸಾಕು ಮಾವ."

"ಗುರುಗಳನ್ನ ಕೆಳಗಿಳ್ಸೋದಾ? ಯಾವನೋ ಬ್ಯಾಷಿಗೋಸ್ಕರ?"

ಕಮಿಟಿಯವರು ಚಾವಣಿ ನೋಡಿದರು. ಮಠಕ್ಕೆ ಹೋಗಿ ಬರುವ ಜನ, ಪಾಪ, ಯಾರು ತಾನೇ ಬಾಯಿಬಿಟ್ಟಾರು? ಸ್ವಾತಿ ಗುರುಗಳನ್ನು ಇದ್ದಲ್ಲೇ ಬಿಟ್ಟಳು. ಗಡಿಯಾರಕ್ಕೆ ಕೊಟ್ಟ ಆಜ್ಞೆಯಲ್ಲೇ ಬ್ಯಾಷನ ಹೆಸರು ಸೇರಿಸಿ, ಹೊತ್ತನ್ನು ಸ್ವಲ್ಪ ಮುಂದಕ್ಕೆ ಹಾಕಿ, ಕೈಕಟ್ಟಿ ಕೂತಳು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಫೋನುಗಳೆಲ್ಲ ಒಂದರ ಹಿಂದೊಂದು ಸದ್ದು ಮಾಡಿದವು.

"ನೋಡಿದ್ರಾ? ಗುರುಗಳು ಮೇಲಿದ್ರೆ ಕೆಲಸ ನಿಲ್ಲಲ್ಲ," ಎಂದು ಷಡಕ್ಷರಪ್ಪ ಎಲ್ಲರ ಮುಖ ನೋಡಿದರು. ಆಮೇಲೆ ಸೊಸೆಯತ್ತ ತಿರುಗಿದರು. "ಇವತ್ತು ನೀನಿಲ್ದೇ ಹೋಗಿದ್ರೆ ಏನ್ ಗತಿ ಹೇಳು? ಬೇಲೂರು ಗೀಲೂರು ಎಲ್ಲ ಬಿಡಮ್ಮ."

ಕಮಿಟಿಯವರು ಹೌದೌದು ಎಂದರು. ಸ್ವಾತಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮಾವನೆದುರು ಅವಳು ಎಂದೂ ದನಿ ಎತ್ತಿದವಳಲ್ಲ; ಈಗಲೂ ಎತ್ತಲಿಲ್ಲ.

"ನೀವಿಲ್ದೇ ಹೋಗಿದ್ರೆ ಹನ್ನೊಂದಕ್ಕೇ ಬರ್ತಿತ್ತು, ಮಾವ."

ಮೂಲೆಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಷಡಕ್ಷರಪ್ಪನವರು ಫೋನೆತ್ತಿ, ತಮಗೆ ಗೊತ್ತೇ ಇದ್ದ ಧಾರಣೆಯನ್ನು ಬಹಳ ಹೊತ್ತು ಓದಿದರು. ಕಡೆಗೆ ಸೊಸೆಯ ಮುಖ ನೋಡದೆ ಕೇಳಿದರು:

"ಹಳೇಬೀಡಿನ ಮೇಲೆ ಬೇಲೂರಿಗೆ ಹೋಗೋ ಬಸ್ಸು ಎಷ್ಟೊತ್ತಿಗಲಾ, ತಿಮ್ಮೇಶ?"