ಕಂಕುಳಿಗೆ ಒಂದು ತುಂಡು ಬಟ್ಟೆ

ರವಿಕೆಯ ಎಡತೋಳು ಮೊಣಕೈ ದಾಟಲಿಲ್ಲ. ಸುನಂದಮ್ಮ ಎಳೆದಳು, ಕೈಗೆ ನೀರು ಸವರಿ ಮತ್ತೆ ಎಳೆದಳು. ಬಟ್ಟೆ ಅಲ್ಲೇ ಸುರುಳಿ ಸುತ್ತಿಕೊಂಡಿತು.

"ಇದೇನ್ಲಾ ಸ್ವಾಮಿ, ಮಗೀಗ್ ಹೊಲ್ಸಿದಂಗದೆ!"

ಭಾಗ್ಯಮ್ಮನನ್ನು ತೊಳೆದು, ಅರಿಶಿನ ಬಳಿದು, ಅಂಗಳದ ಬೆಂಚಿನ ಮೇಲೆ ಮಲಗಿಸಿದ್ದರು. ಸುತ್ತ ಹೆಂಗಸರು ಹಳೇ ಸೀರೆಯನ್ನು ಮರೆ ಹಿಡಿದಿದ್ದರು. ಮುತ್ತೈದೆ ಸತ್ತರೆ ಸೀರೆ ರವಿಕೆ ತವರಿನಿಂದ ಬರಬೇಕು. ಭಾಗ್ಯಮ್ಮನ ತಮ್ಮ ಸ್ವಾಮಿ ಹುಣಸೂರಿನಿಂದ ತಂದಿದ್ದ.

"ರೆಡಿಮೇಡು ಕಣಕ್ಕ," ಅಂದ ಸ್ವಾಮಿ ಮರೆಯ ಆಚೆಯಿಂದ. "ಅಕ್ಕನ ಸೈಜು ಹೇಳೇ ತಂದಿವ್ನಿ."

"ನಿಮ್ಮಕ್ಕನ ಸೈಜು ಹೋಗಿ ಯಾವ ಕಾಲಾತು."

ಹೆಣದ ಎಡಗೈ ಬಾಳೆದಿಂಡಿನಷ್ಟು ಊದಿತ್ತು. ಕಂಕುಳಿನ ಹುಣ್ಣಿಗೆ ಹತ್ತಿ ತುರುಕಿ ಪಟ್ಟಿ ಸುತ್ತಿದ್ದರು. ಮಗಳು ಕಾವ್ಯಶ್ರೀ ಆ ಕೈಯನ್ನು ಎತ್ತಿ ಹಿಡಿದಿದ್ದಳು, ಬಲಗೈಯಿಂದ ಮಾತ್ರ. ಅವಳ ಎಡತೋಳು ಪಕ್ಕೆಗೆ ಅಂಟಿಕೊಂಡೇ ಇತ್ತು.

"ಬೆನ್ನಾಗ್ ಸೀಳ್ಬುಡಿ ಅತ್ಲಾಗೆ," ಅಂದಳು ಒಬ್ಬಳು.

"ಮುತ್ತೈದೇಗೆ ಹರುಕ್ ಬಟ್ಟೆ ಇಕ್ಕಿ ಕಳ್ಸಾನೇನೆ? ಸುಮ್ಕಿರು." ಸುನಂದಮ್ಮ ಕಾವ್ಯಶ್ರೀಯತ್ತ ತಿರುಗಿದಳು. ಅವಳಿಗೆ ಆಕೆ ಸೋದರತ್ತೆ. "ನಿಮ್ಮವ್ವಂದು ಸಡ್ಲಾಗಿರೋದು ಯಾವ್ದಾರ ಅದಾ ನೋಡು, ಓಗು."

ಇಲ್ಲ ಎಂದು ಕಾವ್ಯಶ್ರೀಗೆ ಗೊತ್ತಿತ್ತು. ಕಡೆಕಡೆಗೆ ಅವ್ವ ಅಪ್ಪನ ಶರ್ಟನ್ನೇ ತೊಡುತ್ತಿದ್ದಳು. ಸಡಿಲವಾದ ರವಿಕೆ ಇದ್ದದ್ದು ಕಾವ್ಯಶ್ರೀಯ ಬ್ಯಾಗಿನಲ್ಲಿ.

*

ಕೆಲವು ವರ್ಷದ ಹಿಂದೆ, ಮಗು ಹುಟ್ಟಿದ ಮೂರನೇ ದಿನ, ಕಾವ್ಯಶ್ರೀಯ ಎರಡೂ ಕಂಕುಳು ನಿಂಬೆಹಣ್ಣಿನಂತೆ ಊದಿ, ಅಲ್ಲಿಂದಲೂ ರವಿಕೆಗೆ ಹಾಲು ಜಿನುಗಿತ್ತು. ಅವಳು ಹೆದರಿ ಅತ್ತಳು. ಭಾಗ್ಯಮ್ಮ ನಕ್ಕು ತನ್ನ ತೋಳೆತ್ತಿ ತೋರಿಸಿದಳು. ಅಲ್ಲೂ ಮೆತ್ತಗಿನ ಉಬ್ಬು, ಅದರ ಮೇಲೊಂದು ಮಚ್ಚೆಯಷ್ಟು ಚಿಕ್ಕ ತೊಟ್ಟು.

"ನೀ ಹುಟ್ದಾಗ ನಂಗೂ ಇಂಗೇ ಸುರೀತು ಕಣೆ. ಹೊಗೆಸೊಪ್ಪು ಕಟ್ಟೋ ಹೆಂಗುಸ್ರು ಏನಂತಿದ್ರು ಗೊತ್ತಾ? ಭಾಗ್ಯಂಗೆ ನಾಕವೆ, ಡೈರಿಗೆ ಆಕ್ಬೋದು ಅಂತ."

ಆಮೇಲೆ ಮಗಳನ್ನು ಪಿರಿಯಾಪಟ್ಟಣಕ್ಕೆ ಕರೆದೊಯ್ದು ದಿಲ್ಶಾದ್ ಬೇಗಂ ಹತ್ತಿರ ರವಿಕೆ ಹೊಲಿಸಿಕೊಟ್ಟಳು. ಕಂಕುಳಿಗೆ ಒಂದು ತುಂಡು ಬಟ್ಟೆ ಸೇರಿಸಿದರೆ ಉಬ್ಬು ಕಾಣುವುದಿಲ್ಲ. ಅವ್ವನ ಎಲ್ಲ ರವಿಕೆಗೂ ಆ ತುಂಡು ಇತ್ತು.

ಆಮೇಲೊಂದು ವರ್ಷ ಅವ್ವನ ಎಡಗಡೆಯ ತುಂಡನ್ನು ಮಾತ್ರ ದೊಡ್ಡದು ಮಾಡಬೇಕಾಯಿತು. "ಒಂದೇ ಕಡೆ ಯಾಕಮ್ಮ?" ಎಂದು ದಿಲ್ಶಾದ್ ಬೇಗಂ ಕೇಳಿದಳು. "ಮೊದ್ಲಿಂದ್ಲೂ ಇರೋದೇ ಬುಡಿ," ಅಂದಳು ಭಾಗ್ಯಮ್ಮ. ಉಬ್ಬು ಕಲ್ಲಾಗಿತ್ತು. ಗಂಡ ಕುಳ್ಳಯ್ಯ ಆಸ್ಪತ್ರೆ ಎಂದಾಗ, ಬ್ಯಾರನ್ ಮುಗೀಲಿ ಅಂದಳು. ಬ್ಯಾರನ್ ಗೂಡಿನಲ್ಲಿ ಹೊಗೆಸೊಪ್ಪು ಬೆಂದು ಮುಗಿಯಿತು. ಹರಾಜು ಮುಗೀಲಿ ಅಂದಳು.

ಕೊನೆಗೆ ಹೋದಾಗ, ಮೈಸೂರಿನ ಡಾಕ್ಟರು ಇನ್ನೂ ಹುಡುಗಿ. ನಿಧಾನವಾಗಿ ಬಿಡಿಸಿ ಹೇಳಿದಳು. "ಇದು ಗಡ್ಡೆಯಾಗಿ ಹುಟ್ಟಿದ್ದಲ್ಲ. ಮೊಲೆಯ ಭಾಗವೇ ಕಂಕುಳಲ್ಲಿ ಉಳಿದಿರುತ್ತೆ. ಬಹಳ ಜನಕ್ಕೆ ಇರುತ್ತೆ, ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೆ ಮೊಲೆಗೆ ಬರೋ ಕಾಯಿಲೆ ಇದಕ್ಕೂ ಬರಬಹುದು, ಕ್ಯಾನ್ಸರ್ ಕೂಡ. ಗಟ್ಟಿಯಾದ ತಕ್ಷಣ ಬರಬೇಕಿತ್ತು." ಆಮೇಲೆ ಕಾವ್ಯಶ್ರೀಯನ್ನು ನೋಡಿದಳು. "ನಿಮಗೂ ಇದೆಯಾ?"

ಪಕ್ಕದಲ್ಲಿ ಗಂಡ ವಸಂತ್ ಇದ್ದ. ಅದು ಬರೀ ಕೊಬ್ಬು ಎಂದು ಅವಳು ಅವನಿಗೆ ಹೇಳಿದ್ದಳು.

"ಇಲ್ಲ ಮೇಡಂ," ಅಂದಳು.

ಆಗ ಅವಳಿಗಿದ್ದದ್ದು ಮೆತ್ತಗಿನ ಉಬ್ಬು ಮಾತ್ರ. ಹೋದ ತಿಂಗಳು ಎಡಗಂಕುಳಿಗೆ ಸೋಪು ಹಚ್ಚುವಾಗ ಒಳಗೊಂದು ಅವರೆಕಾಳು ಸಿಕ್ಕಿತು. ಮುಟ್ಟು ಬಂದು ಹೋಯಿತು. ಊತ ಇಳಿಯಿತು. ಕಾಳು ಅಲ್ಲೇ ಇತ್ತು.

*

ಕಾವ್ಯಶ್ರೀ ಬ್ಯಾಗಿನಿಂದ ಹಸಿರು ರವಿಕೆ ತಂದು ಕೊಟ್ಟಳು. ಅದು ಊದಿದ ತೋಳನ್ನು ದಾಟಿ ಮೇಲೇರಿತು. ಕೊಕ್ಕೆ ಹಾಕುತ್ತಿದ್ದ ಸುನಂದಮ್ಮನ ಬೆರಳು ಕಂಕುಳಿನ ತುಂಡಿಗೆ ತಾಗಿ ನಿಂತಿತು. ಇನ್ನೊಂದು ಕಂಕುಳನ್ನೂ ಮುಟ್ಟಿ ನೋಡಿದಳು.

"ಇದು ನಿಂದೇಯೇನೆ?"

"ಹೂಂ."

"ನಿಂಗೂ ಅದಾ?"

ಕಾವ್ಯಶ್ರೀ ಅವ್ವನ ಹಣೆಗೆ ಕುಂಕುಮ ಇಡಲು ಬಗ್ಗಿದಳು. "ಗಟ್ಟಿ ಆಗದೆ, ಅತ್ತೆ."

ಸುನಂದಮ್ಮ ಸೀರೆಯ ನೆರಿಗೆ ಹಿಡಿದಳು. ಅದನ್ನು ಸಿಕ್ಕಿಸುತ್ತ ಪಿಸುಗುಟ್ಟಿದಳು. "ಎಲ್ರಿಗೂ ಅಂಗೇ ಆದದಾ? ಸುಮ್ಕೆ ಗಾಬ್ರಿ ಬೀಳ್ಬ್ಯಾಡ. ಸೂತ್ಕ ಕಳೀಲಿ, ತಿಥಿ ಮುಗೀಲಿ. ಆಮ್ಯಾಕ್ ನೋಡನ."

ಮುಗೀಲಿ. ಆ ಮಾತು ಕಾವ್ಯಶ್ರೀಯ ಕಿವಿಯಲ್ಲಿ ನೊಣದಂತೆ ಕೂತಿತು. ಅವ್ವನ ಬಾಯಿಗೆ ಅಕ್ಕಿ ಹಾಕುವಾಗಲೂ, ಹೊಲದ ಬದುವಿನಲ್ಲಿ ಅವಳನ್ನು ಹೊತ್ತವರ ಹಿಂದೆ ನಡೆಯುವಾಗಲೂ ಅದು ಏಳಲಿಲ್ಲ. ಮಣ್ಣು ಹಾಕಲು ಅವಳ ಸರದಿ ಬಂದಾಗ ಹಿಡಿ ತುಂಬ ಎತ್ತಿಕೊಂಡಳು. ಗುಂಡಿಯೊಳಗೆ ಹಸಿರು ತೋಳು ಮಾತ್ರ ಕಾಣುತ್ತಿತ್ತು. ಮೊದಲ ಹಿಡಿಯನ್ನು ಅದರ ಮೇಲೇ ಹಾಕಿದಳು.

ಮನೆಗೆ ಬಂದು ಎಲ್ಲರೂ ಕಾಲು ತೊಳೆದರು. ಅಪ್ಪ ಕುಳ್ಳಯ್ಯ ಜಗಲಿಯಲ್ಲಿ ದೀಪ ನೋಡುತ್ತ ಕೂತ.

"ಏನ್ ಕೈ ಓಡೋದು ಭಾಗ್ಯಂಗೆ! ಮಾತಾಡ್ತಾಡ್ತಲೇ ಕಡ್ಡಿ ತುಂಬ ಸೊಪ್ಪು ಕಟ್ಟಿ ಎಸೆಯೋಳು," ಅಂದಳು ಪಕ್ಕದ ಮನೆಯವಳು.

"ಬೈಗುಳ ಅದ್ಕಿಂತ ಜೋರಾಗ್ ಓಡೋದು," ಅಂದ ಕುಳ್ಳಯ್ಯ. ಯಾರೋ ನಕ್ಕರು. ಅವನೂ ನಗಲು ಹೋಗಿ ಟವಲಿನಲ್ಲಿ ಮುಖ ಒರೆಸಿಕೊಂಡ.

ವಸಂತ್ ಸಮಾಧಿಗೆ ಬಿಡುವ ಹಾಲುತುಪ್ಪದ ಸಾಮಾನು ತರಲು ಬೈಕ್ ಸ್ಟಾರ್ಟ್ ಮಾಡಿ ತಿರುಗಿಸುತ್ತಿದ್ದ. ಕಾವ್ಯಶ್ರೀ ಅಂಗಳಕ್ಕಿಳಿದಳು.

"ನಾಳೆ ಬೆಳಿಗ್ಗೆ ಮೈಸೂರಿಗೆ ಕರ್ಕಂಡ್ ಹೋಗ್ರಿ."

"ನಾಳೆಯಾ? ಸೂತ್ಕದ ಮನೆ ಬುಟ್ಟಾ?"

"ಕಾವ್ಯ!" ಒಳಗಿನಿಂದ ಸುನಂದಮ್ಮ ಕೂಗಿದಳು. "ಹೇಳಿದ್ನಲ್ಲೇ, ತಿಥಿ ಮುಗೀಲಿ ಅಂತ."

ಬೈಕಿನ ಹ್ಯಾಂಡಲ್ ಮೇಲಿದ್ದ ವಸಂತನ ಕೈಯನ್ನು ಕಾವ್ಯಶ್ರೀ ಹಿಡಿದು ತನ್ನ ಎಡಗಂಕುಳಿನೊಳಗೆ ಒತ್ತಿಕೊಂಡಳು.

"ಏನೇ ಇದು, ಎಲ್ಲ ನೋಡ್ತಾವ್ರೆ," ಎಂದು ವಸಂತ್ ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಅವನ ಬೆರಳುಗಳು ಮೆತ್ತಗಿನ ಉಬ್ಬಿನ ಮೇಲೆ ಅತ್ತಿತ್ತ ಸರಿದವು. ಆಮೇಲೆ ಒಂದು ಕಡೆ ನಿಂತವು.

ವಸಂತ್ ಇನ್ನೊಂದು ಕೈಯಿಂದ ಬೈಕ್ ಆಫ್ ಮಾಡಿದ.